ಕಲಬುರಗಿಯ ಆರು ಭಾನುವಾರಗಳು: ವಿವಾದಿತ ಅಧ್ಯಕ್ಷ ಚುನಾವಣೆಗಳ ತರಗತಿಯೊಂದರ ವಿಮರ್ಶೆ

ಕಲಬುರಗಿಯ ಸ್ಟೇಷನ್ ರಸ್ತೆಗೆ ಹೊಂದಿಕೊಂಡ ಓಣಿಯೊಂದರಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿ ಕೇಂದ್ರವೊಂದಿದೆ. ಅಧ್ಯಕ್ಷ ಚುನಾವಣೆಯ ಫಲಿತಾಂಶವನ್ನು ಒಂದು ಪಕ್ಷ ಒಪ್ಪದೇ ಹೋದಾಗ ಶಾಸನಸಭೆಗಳಲ್ಲಿ ಏನಾಗುತ್ತದೆ ಎಂಬ ವಿಷಯದ ಮೇಲೆ ಆ ಕೇಂದ್ರ ಆರು ಭಾನುವಾರಗಳ ತರಗತಿ ನಡೆಸುತ್ತದೆಂದು ತಿಳಿದು, ಸೇಡಂನಿಂದ ಪ್ರತಿ ವಾರ ಬಸ್ಸಿನಲ್ಲಿ ಬಂದು ಕುಳಿತೆ. ನಾನು ಪದವಿಪೂರ್ವ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುವವನು. 2021ರ ಜನವರಿ 6ರಂದು ಅಮೆರಿಕದ ಸಂಸತ್ ಭವನಕ್ಕೆ ಜನ ನುಗ್ಗಿದ ದೃಶ್ಯವನ್ನು ಕಂಡಿದ್ದ ನನ್ನ ವಿದ್ಯಾರ್ಥಿಗಳು, ಸೋತವರು ಒಪ್ಪದಿದ್ದರೆ ಮುಂದೇನು ಎಂದು ಕೇಳುತ್ತಲೇ ಇದ್ದರು. ಪಠ್ಯಪುಸ್ತಕವನ್ನು ನೆಚ್ಚಿ ಅದಕ್ಕೆ ಸರಿಯಾದ ಉತ್ತರ ಕೊಡಲು ನನ್ನಿಂದ ಆಗಿರಲಿಲ್ಲ. ಕೊರತೆಗಳನ್ನೂ ಬರೆಯಬೇಕಾಗಿರುವುದರಿಂದ ಕೇಂದ್ರದ ಹೆಸರನ್ನಾಗಲಿ, ಕಲಿಸಿದವರ ಹೆಸರನ್ನಾಗಲಿ ಇಲ್ಲಿ ಹೇಳುವುದಿಲ್ಲ.

ಶುಲ್ಕ 1,800 ರೂಪಾಯಿ. ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಪಾಠ, ನಡುವೆ ಚಹಾ. ಕಲಿಯುವವರು ಸುಮಾರು 28 ಮಂದಿ ಇದ್ದೆವು. ಹೆಚ್ಚಿನವರು ಜೇವರ್ಗಿ, ಆಳಂದ, ಚಿತ್ತಾಪುರ ಕಡೆಯಿಂದ ಬಂದು ಇಲ್ಲಿ ಕೋಣೆ ಮಾಡಿಕೊಂಡು ಓದುತ್ತಿರುವ ಯುವಕ ಯುವತಿಯರು. ಕೋಣೆ ಚಿಕ್ಕದಾದರೂ ಗಾಳಿಗೆ ಕೊರತೆಯಿರಲಿಲ್ಲ, ಕರಿಹಲಗೆ ಹಿಂದಿನ ಬೆಂಚಿಗೂ ಚೆನ್ನಾಗಿ ಕಾಣುತ್ತಿತ್ತು.

ಮೊದಲ ಭಾನುವಾರ ಅಮೆರಿಕದ 1876ರ ಅಧ್ಯಕ್ಷ ಚುನಾವಣೆಯ ಪಾಠವಾಯಿತು. ಡೆಮಾಕ್ರಟಿಕ್ ಪಕ್ಷದ ಸ್ಯಾಮುಯೆಲ್ ಟಿಲ್ಡನ್ ಅವರಿಗೆ 184 ಚುನಾಯಕ ಮತಗಳು (ಅಧ್ಯಕ್ಷರನ್ನು ಆರಿಸಲು ರಾಜ್ಯಗಳ ಪ್ರತಿನಿಧಿಗಳು ಹಾಕುವ ಮತಗಳು) ಖಚಿತವಾಗಿದ್ದವು, ಗೆಲ್ಲಲು ಬೇಕಾದದ್ದು 185. ಫ್ಲೋರಿಡಾ, ಲೂಸಿಯಾನ, ದಕ್ಷಿಣ ಕೆರೊಲಿನಾ ಮತ್ತು ಒರೆಗಾನ್‌ಗಳ 20 ಮತಗಳು ವಿವಾದದಲ್ಲಿ ಸಿಕ್ಕಿದ್ದವು. ಅಲ್ಲಿಂದ ಬಂದ ಪರಸ್ಪರ ವಿರುದ್ಧವಾದ ಮತಪಟ್ಟಿಗಳಲ್ಲಿ ಯಾವುದನ್ನು ಎಣಿಸಬೇಕು, ಯಾರು ಎಣಿಸಬೇಕು ಎಂಬುದನ್ನು ಸಂವಿಧಾನ ಸ್ಪಷ್ಟವಾಗಿ ಹೇಳಿರಲಿಲ್ಲ. ಹೀಗಾಗಿ ಚುನಾವಣೆ ಮುಗಿದ ಮೇಲೆ 15 ಸದಸ್ಯರ ಆಯೋಗವೊಂದನ್ನು ರಚಿಸಲಾಯಿತು. ಅದರಲ್ಲಿ ರಿಪಬ್ಲಿಕನ್ನರು ಎಂಟು, ಡೆಮಾಕ್ರಟರು ಏಳು. ವಿವಾದದ ಮತಗಳೆಲ್ಲ ಎಂಟಕ್ಕೆ ಏಳರಂತೆ ರಿಪಬ್ಲಿಕನ್ ಅಭ್ಯರ್ಥಿ ರುದರ್‌ಫೋರ್ಡ್ ಹೇಯ್ಸ್ ಪಾಲಾದವು, ಅವರು 185–184ರಿಂದ ಗೆದ್ದರು. ಸಂಸತ್ತಿನ ಕೆಳಮನೆಯಲ್ಲಿ ಬಹುಮತವಿದ್ದ ಡೆಮಾಕ್ರಟರ ಒಂದು ಗುಂಪು ಒಂದರ ಮೇಲೊಂದು ಸೂಚನೆ ಮಂಡಿಸಿ ಎಣಿಕೆಗೆ ಅಡ್ಡಗಾಲು ಹಾಕಿತು. ಹೊಸ ಅಧ್ಯಕ್ಷರ ಅವಧಿ ಆರಂಭವಾಗಬೇಕಾದ ಮಾರ್ಚ್ 4ರವರೆಗೂ ಕಾಲ ತಳ್ಳುವುದು ಅವರ ಲೆಕ್ಕಾಚಾರವಾಗಿತ್ತು.

ಅಂಥ ಕಾಲಹರಣದ ಸೂಚನೆಗಳನ್ನು ತಳ್ಳಿಹಾಕಿದ ಸ್ಪೀಕರ್ ಸ್ಯಾಮುಯೆಲ್ ರ‍್ಯಾಂಡಲ್ ಸ್ವತಃ ಡೆಮಾಕ್ರಟರಾಗಿದ್ದರು ಎಂಬುದು ನನಗೆ ಹೊಸ ಸಂಗತಿ. 1877ರ ಮಾರ್ಚ್ 2ರ ನಸುಕಿನಲ್ಲಿ ಎಣಿಕೆ ಮುಗಿಯಿತು. ಒಳಗಿನ ಮಾತುಕತೆಗಳ ಫಲವಾಗಿ ದಕ್ಷಿಣದ ರಾಜ್ಯಗಳಿಂದ ಕೇಂದ್ರದ ಸೇನೆ ಹಿಂದೆ ಸರಿಯಿತು, ಅಲ್ಲಿನ ಕಪ್ಪು ಜನರು ರಕ್ಷಣೆ ಕಳೆದುಕೊಂಡರು. ಈ ಬೆಲೆಯನ್ನು ಕಲಿಸಿದ ಮೇಡಂ ಮುಚ್ಚಿಡಲಿಲ್ಲ. ಪಕ್ಷಗಳ ಜಗಳ ಬಗೆಹರಿದದ್ದನ್ನೇ ಹೊಗಳಿ ಮುಂದೆ ಹೋಗಬಹುದಿತ್ತು. ಅವರು ಅಲ್ಲಿಯೇ ಅರ್ಧ ಗಂಟೆ ನಿಂತು ಆ ರಾಜಿಯ ಹೊರೆ ಯಾರ ಹೆಗಲಿಗೆ ಬಿತ್ತೆಂದು ವಿವರಿಸಿದರು. ಆ ಪ್ರಾಮಾಣಿಕತೆಗೆ ನಾನು ಋಣಿ.

ಇಡೀ ತರಗತಿಯ ಜೀವಾಳ ಮೂರನೆಯ ಭಾನುವಾರ. ಪೋಸ್ಟ್ ಕಾರ್ಡಿನಷ್ಟು ದಪ್ಪದ ಅರವತ್ತು ಕಾರ್ಡುಗಳನ್ನು ಮೇಡಂ ಮನೆಯಲ್ಲಿಯೇ ತೂತು ಮಾಡಿಕೊಂಡು ತಂದಿದ್ದರು. ಕೆಲವು ಕಾರ್ಡುಗಳಲ್ಲಿ ತೂತು ಪೂರ್ತಿ ಬಿದ್ದಿತ್ತು. ಕೆಲವುಗಳಲ್ಲಿ ಕತ್ತರಿಸಿದ ಚೂರು ಒಂದೇ ಮೂಲೆಗೆ ಅಂಟಿಕೊಂಡು ತೂಗುತ್ತಿತ್ತು. ಇನ್ನು ಕೆಲವುಗಳಲ್ಲಿ ಬೆರಳಾಡಿಸಿದರೆ ತಿಳಿಯುವ ಸಣ್ಣ ತಗ್ಗು ಮಾತ್ರ ಇತ್ತು. ಅದೇ ಕಟ್ಟನ್ನು ಒಂದೊಂದು ಬೆಂಚಿನವರೂ ಎಣಿಸಿ, ಒಬ್ಬ ಅಭ್ಯರ್ಥಿಗೆ ಎಷ್ಟು ಮತ ಬಂದವೆಂದು ಚೀಟಿಯಲ್ಲಿ ಬರೆದು ಕೊಡಬೇಕಿತ್ತು. ಎಲ್ಲರೂ ಕಾರ್ಡುಗಳನ್ನು ಟ್ಯೂಬ್‌ಲೈಟಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದರು. ಮೊದಲ ಬೆಂಚು 31 ಎಂದಿತು, ಎರಡನೆಯದು 27, ನಮ್ಮದು 34. ಮುಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು, “ಮೇಡಂ, ತೂತು ಪೂರಾ ಬಿದ್ದಿಲ್ರಿ, ಆದ್ರ ಒತ್ತಿದ್ದು ಖರೇ ಅದ. ಇದಕ್ಕ ಏನ್ ಅನ್ಬೇಕ್ರಿ?” ಎಂದು ಕೇಳಿದ. “ಅದನ್ನ ಎಣಿಕಿಗಿಂತ ಮೊದಲೇ ಬರ್ದಿಡಬೇಕಿತ್ತಪ್ಪ. ಈಗ ನೀ ಏನ್ ಹೇಳಿದ್ರೂ ಒಂದು ಪಕ್ಷದವರ ಮಾತೇ ಆಗ್ತದ,” ಎಂದು ಮೇಡಂ ಉತ್ತರಿಸಿದರು.

2000ನೇ ಇಸವಿಯ ಅಧ್ಯಕ್ಷ ಚುನಾವಣೆಯಲ್ಲಿ ಫ್ಲೋರಿಡಾ ರಾಜ್ಯದ ತೂತಿನ ಕಾರ್ಡುಗಳ ಮತ ಎಣಿಕೆ ಏಕೆ ಜಗಳವಾಯಿತೆಂದು ನಮಗೆ ಅರ್ಥವಾದದ್ದು ಆಗ. ಜಾರ್ಜ್ ಬುಷ್ ಅವರಿಗೆ 29,12,790, ಆಲ್ ಗೋರ್ ಅವರಿಗೆ 29,12,253 ಮತಗಳು, ಅಂತರ 537. ಒಂದು ಕೌಂಟಿಯಲ್ಲಿ (ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ) ತೂಗುವ ಚೂರು ಮತವೆನಿಸಿಕೊಂಡರೆ ಪಕ್ಕದ ಕೌಂಟಿಯಲ್ಲಿ ಅದಕ್ಕೆ ಬೇರೆಯೇ ಅಳತೆ. ಎಲ್ಲೆಡೆ ಸಮನಾದ ಅಳತೆಗೋಲು ಇಲ್ಲವೆಂಬ ಕಾರಣ ಕೊಟ್ಟು, ಡಿಸೆಂಬರ್ 12ರಂದು ಸುಪ್ರೀಂ ಕೋರ್ಟ್ ಐದು–ನಾಲ್ಕರ ತೀರ್ಪಿನಿಂದ ಮರುಎಣಿಕೆ ನಿಲ್ಲಿಸಿತು. ದೇಶದ ಒಟ್ಟು ಮತಗಳಲ್ಲಿ ಗೋರ್ ಐದು ಲಕ್ಷಕ್ಕೂ ಹೆಚ್ಚು ಮುಂದಿದ್ದರು. ಆದರೂ ಮರುದಿನವೇ ಅವರು ಸೋಲೊಪ್ಪಿಕೊಂಡರು.

2001ರ ಜನವರಿ 6ರಂದು ನಡೆದದ್ದನ್ನು ಹೇಳುವಾಗ ಕೋಣೆ ನಿಶ್ಶಬ್ದವಾಗಿತ್ತು. ಉಪಾಧ್ಯಕ್ಷರಾಗಿದ್ದ ಗೋರ್ ಅವರೇ ಜಂಟಿ ಅಧಿವೇಶನದ ಪೀಠದಲ್ಲಿ ಕುಳಿತು ತಮ್ಮ ಸೋಲನ್ನು ಎಣಿಸಬೇಕಿತ್ತು. ಅವರದೇ ಪಕ್ಷದ ಕೆಳಮನೆ ಸದಸ್ಯರು ಒಬ್ಬರಾದ ಮೇಲೊಬ್ಬರು ಎದ್ದು ಫ್ಲೋರಿಡಾದ ಮತಗಳಿಗೆ ಆಕ್ಷೇಪ ಎತ್ತಿದರು. ಆಕ್ಷೇಪಕ್ಕೆ ಮೇಲ್ಮನೆಯಾದ ಸೆನೆಟ್ ಸದಸ್ಯರೊಬ್ಬರ ಸಹಿಯೂ ಇರಬೇಕೆಂಬುದು 1887ರ ಕಾನೂನು. ಗೋರ್ ಪ್ರತಿಯೊಬ್ಬರನ್ನೂ ಸಹಿ ಇದೆಯೇ ಎಂದು ಕೇಳಿ, ಇಲ್ಲವೆಂದಾಗ ಆಕ್ಷೇಪವನ್ನು ತಿರಸ್ಕರಿಸುತ್ತ ಹೋದರು. ಸಹಿ ಇಲ್ಲದಿರುವುದನ್ನು ತಾನು ಲೆಕ್ಕಿಸುವುದಿಲ್ಲ ಎಂದ ಸದಸ್ಯೆಗೆ, ನಿಯಮ ಅದನ್ನು ಲೆಕ್ಕಿಸುತ್ತದೆ ಎಂದು ತಿಳಿಸಿದರು. ಪೀಠದಲ್ಲಿ ಕುಳಿತವರು ತಮ್ಮ ಪಕ್ಷಕ್ಕೇ ಇಲ್ಲವೆನ್ನಬೇಕಾದ ಗಳಿಗೆಯಲ್ಲಿ ಇಲ್ಲವೆಂದರೇ ಎಂಬುದೇ ಈ ಎಲ್ಲ ಪಾಠಗಳನ್ನು ಕಟ್ಟಿ ಹಿಡಿದ ದಾರ. 1877ರಲ್ಲಿ ರ‍್ಯಾಂಡಲ್, 2001ರಲ್ಲಿ ಗೋರ್, 2021ರಲ್ಲಿ ತಮ್ಮ ಪಕ್ಷದ ಒತ್ತಡಕ್ಕೆ ಮಣಿಯದೆ ಎಣಿಕೆ ನಡೆಸಿದ ಉಪಾಧ್ಯಕ್ಷ ಮೈಕ್ ಪೆನ್ಸ್. ಮೂವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ನೋಡುವುದನ್ನು ನಾನು ಕಲಿತದ್ದು ಈ ತರಗತಿಯಿಂದ, ಇದಕ್ಕಾಗಿಯೇ ಕೊಟ್ಟ ಹಣ ಸಾರ್ಥಕ ಎನ್ನುತ್ತೇನೆ.

2020ರ ಚುನಾವಣೆಯನ್ನು ಮೇಡಂ ಎಚ್ಚರಿಕೆಯಿಂದ, ಯಾರನ್ನೂ ಹೀಯಾಳಿಸದೆ ಕಲಿಸಿದರು. ಜೋ ಬೈಡನ್ 306, ಡೊನಾಲ್ಡ್ ಟ್ರಂಪ್ 232. ಭವನದೊಳಗೆ ನುಗ್ಗಿದ್ದವರನ್ನು ಹೊರಹಾಕಿದ ಮೇಲೆ ಅಂದೇ ರಾತ್ರಿ ಸದನ ಮತ್ತೆ ಸೇರಿತು. ಅರಿಜೋನಾ ಮತ್ತು ಪೆನ್ಸಿಲ್ವೇನಿಯಾದ ಮತಗಳಿಗೆ ಬಂದ ಆಕ್ಷೇಪಗಳನ್ನು ಸೆನೆಟ್ 93–6 ಮತ್ತು 92–7ರಿಂದ ತಿರಸ್ಕರಿಸಿತು. ಆದರೆ ಕೆಳಮನೆಯಲ್ಲಿ ಆಕ್ಷೇಪದ ಪರವಾಗಿ 121 ಮತ್ತು 138 ಮತಗಳು ಬಿದ್ದವು. 2022ರ ತಿದ್ದುಪಡಿ ಕಾನೂನಿನ ಪ್ರಕಾರ ಈಗ ಆಕ್ಷೇಪ ಎತ್ತಲು ಎರಡೂ ಸದನಗಳ ಐದನೆಯ ಒಂದು ಭಾಗದಷ್ಟು ಸದಸ್ಯರ ಸಹಿ ಬೇಕು, ಉಪಾಧ್ಯಕ್ಷರ ಪಾತ್ರ ಕೇವಲ ವಿಧ್ಯುಕ್ತವಾದದ್ದು.

ನಾಲ್ಕನೆಯ ಭಾನುವಾರ ದುರ್ಬಲವಾಗಿತ್ತು. ಸೆನೆಟ್‌ನಲ್ಲಿ ಚರ್ಚೆಗೆ ತೆರೆ ಎಳೆಯುವ ನಿಯಮ 1917ರಲ್ಲಿ ಬಂದದ್ದು, 1975ರಲ್ಲಿ ಅದು 60 ಮತಗಳಿಗೆ ಇಳಿದದ್ದು, 2016ರಲ್ಲಿ ಸುಪ್ರೀಂ ಕೋರ್ಟಿಗೆ ಮೆರಿಕ್ ಗಾರ್ಲೆಂಡ್ ಅವರ ನೇಮಕ ವಿಚಾರಣೆಯೇ ಇಲ್ಲದೆ ಬಿದ್ದುಹೋದದ್ದು, 2018–19ರಲ್ಲಿ 35 ದಿನ ಸರ್ಕಾರದ ಕಚೇರಿಗಳು ಮುಚ್ಚಿದ್ದು, ಇವೆಲ್ಲವನ್ನೂ ಬರೆಸಿದರೇ ಹೊರತು ಚರ್ಚೆಗೆ ಬಿಡಲಿಲ್ಲ. ಅಂದು ಬೇರೊಬ್ಬರು ಪಾಠ ಮಾಡಿದ್ದರು. ಕೊಟ್ಟ 60 ಪುಟಗಳ ಟಿಪ್ಪಣಿಯೂ ಪೂರ್ತಿ ಇಂಗ್ಲಿಷಿನಲ್ಲಿತ್ತು. ಕನ್ನಡ ಮಾಧ್ಯಮದಲ್ಲಿ ಪರೀಕ್ಷೆ ಬರೆಯುವವರೇ ಹೆಚ್ಚಿದ್ದ ಕೋಣೆಯಲ್ಲಿ ಇದು ಸಣ್ಣ ತಪ್ಪಲ್ಲ. ನನ್ನ ಪಕ್ಕದ ಹುಡುಗಿ ಪ್ರತಿ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಕನ್ನಡ ಅರ್ಥ ಬರೆದುಕೊಳ್ಳುವುದರಲ್ಲಿಯೇ ಪಾಠದ ಅರ್ಧ ಹೊತ್ತು ಕಳೆದಳು.

ನನಗೆ ನಿಜವಾಗಿ ನೋವಾದದ್ದು ಐದನೆಯ ಭಾನುವಾರ. ನಮ್ಮದೇ ದೇಶದ 1969ರ ರಾಷ್ಟ್ರಪತಿ ಚುನಾವಣೆಗೆ ಮೀಸಲಿಟ್ಟದ್ದು ಬರೀ ನಲವತ್ತು ನಿಮಿಷ. ಝಾಕಿರ್ ಹುಸೇನ್ ಅವರ ನಿಧನದ ನಂತರ ಕಾಂಗ್ರೆಸ್ ನೀಲಂ ಸಂಜೀವ ರೆಡ್ಡಿಯವರನ್ನು ಆಯ್ಕೆ ಮಾಡಿದ್ದು ಬೆಂಗಳೂರಿನಲ್ಲಿ. ಪಕ್ಷದ ಅಧ್ಯಕ್ಷರು ನಮ್ಮ ಎಸ್. ನಿಜಲಿಂಗಪ್ಪ. ಪ್ರಧಾನಿ ಇಂದಿರಾ ಗಾಂಧಿಯವರು ರೆಡ್ಡಿಯವರಿಗೇ ಮತ ಹಾಕಬೇಕೆಂಬ ವಿಪ್ (ಪಕ್ಷದ ಆದೇಶ) ಹೊರಡಿಸಲು ಒಪ್ಪದೆ ಆತ್ಮಸಾಕ್ಷಿಯ ಮತಕ್ಕೆ ಕರೆಕೊಟ್ಟರು. ಮೊದಲ ಪ್ರಾಶಸ್ತ್ಯದಲ್ಲಿ ಯಾರಿಗೂ ಬಹುಮತ ಬಾರದೆ, ಎರಡನೆಯ ಪ್ರಾಶಸ್ತ್ಯದ ಎಣಿಕೆಯಲ್ಲಿ ಸ್ವತಂತ್ರ ಅಭ್ಯರ್ಥಿ ವಿ.ವಿ. ಗಿರಿಯವರು 4,20,077 ಮತಮೌಲ್ಯ ಪಡೆದು, 4,05,427 ಪಡೆದ ರೆಡ್ಡಿಯವರನ್ನು ಸೋಲಿಸಿದರು. ಆಯ್ಕೆ ಪ್ರಶ್ನಿಸಿದ ಅರ್ಜಿಗಳ ವಿಚಾರಣೆಯಲ್ಲಿ ರಾಷ್ಟ್ರಪತಿಯೇ ಸುಪ್ರೀಂ ಕೋರ್ಟಿಗೆ ಬಂದು ಸಾಕ್ಷಿ ನುಡಿದರು. ನವೆಂಬರ್ ಹೊತ್ತಿಗೆ ಪಕ್ಷ ಎರಡಾಯಿತು. ಬಹುಮತ ಕಳೆದುಕೊಂಡ ಕೇಂದ್ರ ಸರ್ಕಾರ 1970ರ ಸೆಪ್ಟೆಂಬರಿನಲ್ಲಿ ರಾಜಧನ (ಹಳೆಯ ಸಂಸ್ಥಾನಗಳ ರಾಜರಿಗೆ ಸರ್ಕಾರ ಕೊಡುತ್ತಿದ್ದ ಹಣ) ರದ್ದತಿಯ ಮಸೂದೆಯನ್ನು ರಾಜ್ಯಸಭೆಗೆ ತಂದಾಗ, ಬೇಕಿದ್ದ ಮೂರನೆಯ ಎರಡು ಭಾಗಕ್ಕೆ ಒಂದು ಮತಕ್ಕಿಂತಲೂ ಕಡಿಮೆ ಅಂತರದಲ್ಲಿ ಅದು ಬಿದ್ದುಹೋಯಿತು. ವರ್ಷಾಂತ್ಯಕ್ಕೆ ಲೋಕಸಭೆಯೇ ವಿಸರ್ಜನೆಗೊಂಡಿತು.

ಆಗ ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿದ್ದವರು ಇದೇ ಜಿಲ್ಲೆಯ ಚಿಂಚೋಳಿಯ ವೀರೇಂದ್ರ ಪಾಟೀಲರು. ಅವರು ನಿಜಲಿಂಗಪ್ಪನವರ ಜೊತೆ ಇಂದಿರಾ ವಿರೋಧಿ ಬಣವಾದ ಸಂಸ್ಥಾ ಕಾಂಗ್ರೆಸ್ಸಿನಲ್ಲಿ ಉಳಿದರು. 1971ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 27 ಸ್ಥಾನಗಳೂ ಇಂದಿರಾ ಅವರ ಪಕ್ಷಕ್ಕೆ ಹೋದವು, ಅದೇ ಮಾರ್ಚ್‌ನಲ್ಲಿ ಪಾಟೀಲರ ಸರ್ಕಾರ ಉರುಳಿತು. ದಿಲ್ಲಿಯ ಒಂದು ಚುನಾವಣೆಯ ಬಿರುಕು ನಮ್ಮ ಚಿಂಚೋಳಿಯವರೆಗೆ ಹರಿದ ಈ ಕಥೆಯನ್ನು ಕಲಬುರಗಿಯಲ್ಲಿ ಕುಳಿತು ಕಲಿಸುವಾಗ ಪಾಟೀಲರ ಹೆಸರನ್ನು ಒಮ್ಮೆಯೂ ಎತ್ತಲಿಲ್ಲ. ಫ್ಲೋರಿಡಾದ ಕೌಂಟಿಗಳ ಹೆಸರು ಬಾಯಿಪಾಠವಾಗಿದ್ದ ಹುಡುಗರಿಗೆ ಪಕ್ಕದ ತಾಲ್ಲೂಕಿನ ಮುಖ್ಯಮಂತ್ರಿ ಆ ಒಡಕಿನಲ್ಲಿ ಯಾವ ಕಡೆ ನಿಂತಿದ್ದರೆಂದು ತಿಳಿಯಲಿಲ್ಲ.

ಕೊನೆಯ ಭಾನುವಾರದ ಚರ್ಚೆಯಲ್ಲಿ ಎರಡು ರಾಷ್ಟ್ರೀಯ ಪಕ್ಷಗಳ ಕಡು ಬೆಂಬಲಿಗರಾದ ಇಬ್ಬರು ಹುಡುಗರಿಗೆ ಮೇಡಂ ಎದುರು ಪಕ್ಷದ ವಾದವನ್ನೇ ಮಂಡಿಸಲು ಹೇಳಿದರು. ಒಬ್ಬನಿಗೆ ಐದು ನಿಮಿಷ ಮಾತೇ ಹೊರಡಲಿಲ್ಲ. ಮೇಡಂ ಅವಸರಪಡಿಸದೆ ಕಾದರು. ಆಮೇಲೆ ಅವನು ಮಾತಾಡಿದ, ಚೆನ್ನಾಗಿಯೇ ಮಾತಾಡಿದ.

ಕೆಎಎಸ್, ಐಎಎಸ್ ಪರೀಕ್ಷೆಗೆ ಓದುವವರಿಗೂ ನನ್ನಂಥ ಶಿಕ್ಷಕರಿಗೂ ಈ ತರಗತಿಯನ್ನು ಧಾರಾಳವಾಗಿ ಸೂಚಿಸುತ್ತೇನೆ. ಇಂಗ್ಲಿಷ್ ಓದು ಕಷ್ಟವೆನಿಸುವವರು ಕನ್ನಡ ಟಿಪ್ಪಣಿ ಬರುವವರೆಗೆ ಕಾಯುವುದು ಒಳ್ಳೆಯದು. ಮುಗಿದ ದಿನ ನಾನು ಮೇಡಂ ಅವರಲ್ಲಿ 1969ಕ್ಕೆ ಒಂದು ಪೂರ್ಣ ಭಾನುವಾರ ಕೊಡಬೇಕೆಂದು ಕೇಳಿಕೊಂಡೆ, ಪಾಟೀಲರ ಬಗ್ಗೆ ನಾನು ಮಾಡಿಕೊಂಡಿದ್ದ ಹನ್ನೆರಡು ಪುಟಗಳ ಟಿಪ್ಪಣಿಯನ್ನೂ ಕೊಟ್ಟೆ. ಅವರು ಅಲ್ಲಿಯೇ ನಿಂತು ಎರಡು ಪುಟ ಓದಿ, ಮುಂದಿನ ತಂಡಕ್ಕೆ ಅದನ್ನು ಸೇರಿಸುವುದಾಗಿ ಹೇಳಿದರು. ತೂತಿನ ಕಾರ್ಡುಗಳ ಕಟ್ಟನ್ನು ಒಂದು ವಾರದ ಮಟ್ಟಿಗೆ ಕೇಳಿ ತಂದಿದ್ದೇನೆ. ಸೋಮವಾರ ಸೇಡಂನಲ್ಲಿ ನನ್ನ ವಿದ್ಯಾರ್ಥಿಗಳು ಅವನ್ನು ಎಣಿಸಲಿದ್ದಾರೆ.