ಒಂದೇ ಕಥೆಯ ಐದು ಪಯಣಗಳು: ಕ್ರೈಟೀರಿಯನ್‌ನ ‘ರಾನೌನ್ ವೆಸ್ಟರ್ನ್ಸ್’ ಬಾಕ್ಸ್ ಸೆಟ್

ಹಳೆಯ ಅಮೆರಿಕನ್ ವೆಸ್ಟರ್ನ್ ಚಿತ್ರಗಳನ್ನು ಡಿಸ್ಕ್ ರೂಪದಲ್ಲಿ ಕೂಡಿಡುವವರ ಕಪಾಟಿನಲ್ಲಿ ಮೊದಲ ಸಾಲು ನಿರ್ದೇಶಕರಾದ ಜಾನ್ ಫೋರ್ಡ್ ಮತ್ತು ಹೋವರ್ಡ್ ಹಾಕ್ಸ್ ಅವರದು. ಬಡ್ ಬೆಟಿಕರ್ ನಿರ್ದೇಶಿಸಿ ರಾಂಡಾಲ್ಫ್ ಸ್ಕಾಟ್ ನಟಿಸಿದ ಚಿತ್ರಗಳು ಆ ಸಾಲಿಗೆ ಸೇರುವುದು ತಡವಾಗಿ, ಕೆಲವೊಮ್ಮೆ ಸೇರುವುದೇ ಇಲ್ಲ. ಅವು ಕಡಿಮೆ ಖರ್ಚಿನಲ್ಲಿ ತಯಾರಾದ, ಹೆಚ್ಚು ಕಡಿಮೆ ಒಂದೂಕಾಲು ಗಂಟೆಯಲ್ಲಿ ಮುಗಿದುಹೋಗುವ, ಬಿಡುಗಡೆಯಾದ ಕಾಲದಲ್ಲಿ ಹೆಚ್ಚಿನವರು ಕಲಾಕೃತಿಗಳೆಂದು ಕರೆಯದ ಚಿತ್ರಗಳು. ಕೊಲಂಬಿಯಾ ಸಂಸ್ಥೆಗಾಗಿ ತಯಾರಾಗಿ 1957ರಿಂದ 1960ರವರೆಗೆ ಬಿಡುಗಡೆಯಾದ ಇಂತಹ ಐದು ಚಿತ್ರಗಳನ್ನು, ಆಯ್ದ ಚಿತ್ರಗಳನ್ನು ಡಿಸ್ಕ್ ರೂಪದಲ್ಲಿ ತರುವ ಅಮೆರಿಕದ ಸಂಸ್ಥೆ ಕ್ರೈಟೀರಿಯನ್, 2023ರಲ್ಲಿ 4ಕೆ ಮತ್ತು ಬ್ಲೂ-ರೇ ಡಿಸ್ಕ್‌ಗಳೆರಡೂ ಇರುವ ಒಂದೇ ಪೆಟ್ಟಿಗೆಯಲ್ಲಿ ತಂದಿತು. ಹೆಸರಿನಲ್ಲಿರುವ ‘ರಾನೌನ್’ ಎಂಬುದು ರಾಂಡಾಲ್ಫ್ ಸ್ಕಾಟ್ ಮತ್ತು ನಿರ್ಮಾಪಕ ಹ್ಯಾರಿ ಜೋ ಬ್ರೌನ್ ಹೆಸರುಗಳನ್ನು ಕೂಡಿಸಿ ಕಟ್ಟಿದ, ಅವರ ತಯಾರಿಕಾ ಸಂಸ್ಥೆಯ ಹೆಸರು. ಈ ಚಿತ್ರಗಳನ್ನು ಬಿಡಿಬಿಡಿಯಾಗಿ ನೋಡಿದಾಗ ಸಿಗದ ಒಂದು ಅರ್ಥ ಒಟ್ಟಿಗೆ ನೋಡಿದಾಗ ಸಿಗುತ್ತದೆ ಎಂಬುದೇ ಈ ಪೆಟ್ಟಿಗೆಯನ್ನು ಕೊಳ್ಳಲು ಇರುವ ನಿಜವಾದ ಕಾರಣ ಎಂದು ನನಗನ್ನಿಸುತ್ತದೆ.

ಐದರಲ್ಲಿ ಮೂರು ಚಿತ್ರಗಳಿಗೆ, ಅಂದರೆ ‘ದ ಟಾಲ್ ಟಿ’ (1957), ‘ರೈಡ್ ಲೋನ್‌ಸಮ್’ (1959) ಮತ್ತು ‘ಕೊಮಾಂಚಿ ಸ್ಟೇಷನ್’ (1960) ಚಿತ್ರಗಳಿಗೆ, ಬರ್ಟ್ ಕೆನಡಿ ಚಿತ್ರಕಥೆ ಬರೆದಿದ್ದಾರೆ, ಚಾರ್ಲ್ಸ್ ಲಾಟನ್ ಜೂನಿಯರ್ ಛಾಯಾಗ್ರಹಣ ಮಾಡಿದ್ದಾರೆ. ಮೂರರ ಚೌಕಟ್ಟೂ ಬಹುಮಟ್ಟಿಗೆ ಒಂದೇ: ಮಾತು ಕಡಿಮೆಯಾದ ಒಬ್ಬಂಟಿ ನಾಯಕ, ಸಂಕಟದಲ್ಲಿ ಸಿಕ್ಕಿಕೊಂಡ ಒಬ್ಬ ಹೆಂಗಸು, ಜೊತೆಗೇ ಸಾಗುತ್ತಾ ಕೊನೆಗೆ ಎದುರು ನಿಲ್ಲಲೇಬೇಕಾದ ಒಬ್ಬ ಖಳ, ಆ ಖಳನಿಗೆ ಒಬ್ಬರೋ ಇಬ್ಬರೋ ಎಳೆಯ ಸಂಗಾತಿಗಳು. ತಾಳಮದ್ದಲೆಗೆ ಹೋಗುವವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಪ್ರಸಂಗ ಮೊದಲೇ ಗೊತ್ತಿರುತ್ತದೆ, ಈ ಸಲ ಅರ್ಥಧಾರಿಗಳು ಅದನ್ನು ಹೇಗೆ ಬೆಳೆಸುತ್ತಾರೆ ಎಂಬುದಕ್ಕಾಗಿಯೇ ರಾತ್ರಿಯಿಡೀ ಕುಳಿತಿರುತ್ತೇವೆ. ಕೆನಡಿಯ ಖಳರು ಮಾತಿನಲ್ಲಿ ನಾಯಕನಿಗಿಂತ ಚುರುಕು. ‘ದ ಟಾಲ್ ಟಿ’ಯಲ್ಲಿ ರಿಚರ್ಡ್ ಬೂನ್ ನಟಿಸಿರುವ ಅಷರ್ ಎಂಬ ದರೋಡೆಕೋರ ಕುದುರೆಗಾಡಿಯ ನಿಲ್ದಾಣ ನೋಡಿಕೊಳ್ಳುತ್ತಿದ್ದವನನ್ನೂ ಅವನ ಪುಟ್ಟ ಮಗನನ್ನೂ ಕೊಲ್ಲಿಸಿದವನು. ಆದರೂ ತನ್ನ ಹುಡುಗರ ಜೊತೆಗಿಂತ ಒತ್ತೆಯಾಳಾದ ಸ್ಕಾಟ್ ಜೊತೆಗೆ ಮಾತನಾಡುವುದೇ ಅವನಿಗೆ ಹಿತ, ತನಗೂ ಒಂದು ಸ್ವಂತ ಜಮೀನು ಬೇಕೆಂಬ ಆಸೆಯನ್ನು ಅವನು ಹೇಳಿಕೊಳ್ಳುವುದು ತಾನು ಕೊಲ್ಲಬೇಕಾದ ಈ ಮನುಷ್ಯನ ಮುಂದೆಯೇ. ಎಲ್ಮೋರ್ ಲೆನಾರ್ಡ್ ಬರೆದ ಕಥೆಯೊಂದನ್ನು ಆಧರಿಸಿದ ಈ ಚಿತ್ರವನ್ನು 2000ದಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ನೋಂದಣಿಗೆ, ಅಂದರೆ ಕಾಪಾಡಿ ಉಳಿಸಬೇಕಾದ ಚಿತ್ರಗಳ ಪಟ್ಟಿಗೆ, ಸೇರಿಸಲಾಯಿತು.

ಐದರಲ್ಲಿ ಒಂದನ್ನೇ ಆರಿಸಬೇಕೆಂದರೆ ನನ್ನ ಆಯ್ಕೆ ‘ರೈಡ್ ಲೋನ್‌ಸಮ್’. ಕೊಲೆಗಾರನೊಬ್ಬನನ್ನು ಹಿಡಿದು ಊರಿಗೆ ಸಾಗಿಸುತ್ತಿರುವ ಸ್ಕಾಟ್‌ಗೆ ದಾರಿಯಲ್ಲಿ ಇಬ್ಬರು ಹಳೆಯ ಅಪರಾಧಿಗಳು ಜೊತೆಯಾಗುತ್ತಾರೆ. ಆ ಕೊಲೆಗಾರನನ್ನು ತಾವೇ ಒಪ್ಪಿಸಿದರೆ ತಮಗೆ ಕ್ಷಮಾದಾನ ಸಿಗುತ್ತದೆ ಎಂಬುದು ಅವರ ಲೆಕ್ಕ, ಆದರೆ ಸ್ಕಾಟ್‌ನ ಲೆಕ್ಕವೇ ಬೇರೆ ಎಂಬುದು ಚಿತ್ರ ಅರ್ಧ ದಾಟಿದ ಮೇಲಷ್ಟೇ ತಿಳಿಯುತ್ತದೆ. ಆ ಇಬ್ಬರಲ್ಲಿ ಕಿರಿಯವನ ಪಾತ್ರದಲ್ಲಿರುವ ಜೇಮ್ಸ್ ಕೋಬರ್ನ್‌ಗೆ ಇದು ಮೊದಲ ಚಲನಚಿತ್ರ. ಸಿನೆಮಾಸ್ಕೋಪ್ ಅಗಲದಲ್ಲಿ ಚಿತ್ರಿಸಿದ ಇದರಲ್ಲಿ ಬೆಟಿಕರ್ ಐದು ಜನ ಸವಾರರನ್ನು ಪರದೆಯ ಒಂದು ಅಂಚಿನಿಂದ ಇನ್ನೊಂದಕ್ಕೆ ಹರಡಿ, ಯಾರು ಯಾರಿಂದ ಎಷ್ಟು ದೂರದಲ್ಲಿದ್ದಾರೆ ಎಂಬುದರಲ್ಲೇ ನಂಬಿಕೆ ಅಪನಂಬಿಕೆಗಳನ್ನೆಲ್ಲ ಹೇಳಿಬಿಡುತ್ತಾನೆ. ಇಂತಹ ಚಿತ್ರವನ್ನು ಹಳೆಯ ಟೆಲಿವಿಷನ್ ಪರದೆಗೆ ಹೊಂದಿಸಲು ಎಡಬಲ ಕತ್ತರಿಸಿ ತೋರಿಸಿದರೆ ಅದರ ಅರ್ಧ ಕಥೆಯೇ ಹೋದಂತೆ.

ಈ ಆವೃತ್ತಿಯ ಚಿತ್ರದ ಗುಣಮಟ್ಟ ಮೆಚ್ಚುವಂತಿದೆ. 1950ರ ದಶಕದ ಈಸ್ಟ್‌ಮನ್ ಬಣ್ಣದ ಪ್ರತಿಗಳು ಮಾಸಿ ಕೆಂಪಾಗುವುದಕ್ಕೆ ಕುಖ್ಯಾತ. ಇಲ್ಲಿ ಬಂಡೆಯ ಬೂದು ಬಣ್ಣ ಬೂದಾಗಿಯೇ, ಆಕಾಶ ನೀಲಿಯಾಗಿಯೇ ಉಳಿದಿದೆ. ಸ್ಕಾಟ್‌ನ ಮುಖದ ಸುಕ್ಕುಗಳನ್ನು ಸಂಸ್ಕರಣೆಯ ಹೆಸರಿನಲ್ಲಿ ಉಜ್ಜಿ ನುಣುಪು ಮಾಡಿಲ್ಲ. ಒಂದು ದೃಶ್ಯ ಕರಗಿ ಇನ್ನೊಂದಾಗುವ ಜಾಗಗಳಲ್ಲಿ ಚಿತ್ರ ಕೆಲವು ಕ್ಷಣ ಒರಟಾಗಿ ಕಾಣುತ್ತದೆ. ಅಂತಹ ಭಾಗಗಳನ್ನು ಆ ಕಾಲದಲ್ಲಿ ಪ್ರತಿಯಿಂದ ಪ್ರತಿ ತೆಗೆದು ಸಿದ್ಧಪಡಿಸುತ್ತಿದ್ದರು, ಹಾಗಾಗಿ ಅದು ಡಿಸ್ಕ್‌ನ ದೋಷವಲ್ಲ. ಕೆನಡಿ ಬರೆದ ಮೂರು ಚಿತ್ರಗಳ ಚಿತ್ರೀಕರಣದ ಮುಖ್ಯ ಸ್ಥಳ ಕ್ಯಾಲಿಫೋರ್ನಿಯಾದ ಲೋನ್ ಪೈನ್ ಊರಿನ ಬಳಿಯ ಅಲಬಾಮಾ ಹಿಲ್ಸ್. ಒಂದರ ಮೇಲೊಂದು ಪೇರಿಸಿಟ್ಟಂತಿರುವ ದುಂಡು ಬಂಡೆಗಳ ಆ ಗುಡ್ಡಗಳು ನಮ್ಮವರಿಗೆ ರಾಮನಗರವನ್ನು ನೆನಪಿಸದೆ ಇರುವುದಿಲ್ಲ, ವೆಸ್ಟರ್ನ್ ಜಾಡಿನಲ್ಲೇ ಬಂದ ‘ಶೋಲೆ’ಗೆ ರಾಮನಗರದ ಬಂಡೆಗಳೇ ಒಗ್ಗಿದ್ದು ಆಶ್ಚರ್ಯವೇನಲ್ಲ ಎಂದು 4ಕೆಯಲ್ಲಿ ಈ ಚಿತ್ರಗಳನ್ನು ನೋಡಿದಾಗ ಮನದಟ್ಟಾಗುತ್ತದೆ.

ಉಳಿದೆರಡು ಚಿತ್ರಗಳು ಆ ಮಟ್ಟದವಲ್ಲ. ‘ಡಿಸಿಷನ್ ಅಟ್ ಸನ್‌ಡೌನ್’ (1957) ಊರೊಳಗೇ ನಡೆಯುವ ಕಥೆ. ಹೆಂಡತಿಯ ಸಾವಿಗೆ ಸೇಡು ತೀರಿಸಲು ಬಂದವನಿಗೆ ಆ ಹೆಂಡತಿಯ ಬಗ್ಗೆ ತಾನು ಇಟ್ಟುಕೊಂಡಿದ್ದ ನಂಬಿಕೆಯೇ ಸುಳ್ಳೆಂದು ಗೊತ್ತಾಗುತ್ತಾ ಹೋಗುವ ಎಳೆ ಗಟ್ಟಿಯಾಗಿದ್ದರೂ, ಸುತ್ತಲಿನ ಊರಿನ ಜನ ಮರದ ಗೊಂಬೆಗಳಂತಿದ್ದಾರೆ. ‘ಬುಕನನ್ ರೈಡ್ಸ್ ಅಲೋನ್’ (1958) ಗಡಿ ಊರೊಂದನ್ನು ಆಳುವ ದುರಾಸೆಯ ಕುಟುಂಬದ ಕುರಿತ ಹಾಸ್ಯ, ಒಮ್ಮೆ ನೋಡಲು ಅಡ್ಡಿಯಿಲ್ಲ. ಇನ್ನು ‘ಕೊಮಾಂಚಿ ಸ್ಟೇಷನ್’ನಲ್ಲಿ ಮೂಲನಿವಾಸಿಗಳು ಕಥೆಗೆ ಅಪಾಯ ಬೇಕಾದಾಗ ಗುಡ್ಡದಾಚೆಯಿಂದ ಕಾಣಿಸಿಕೊಳ್ಳುವವರು ಮಾತ್ರ. ಬಿಳಿಯ ಖಳರಿಗೆ ಅಷ್ಟೊಂದು ಮನುಷ್ಯತ್ವ ಕೊಟ್ಟ ಕೆನಡಿ ಇವರಿಗೆ ಅದನ್ನು ಕೊಡಲಿಲ್ಲ ಎಂಬುದು ನಮ್ಮ ಕಾಲದ ಪ್ರೇಕ್ಷಕನನ್ನು ಕಾಡುತ್ತದೆ, ಕಾಡಬೇಕಾದ್ದೇ.

ಪೂರಕ ಸಾಮಗ್ರಿಯಲ್ಲಿ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿ ಮೊದಲಾದವರ ಪರಿಚಯ ಮಾತುಗಳಿವೆ. ‘ದ ಟಾಲ್ ಟಿ’ಗೆ ಚಲನಚಿತ್ರ ವಿದ್ವಾಂಸೆ ಜೀನೀನ್ ಬೇಸಿಂಗರ್ ನೀಡಿರುವ, ಚಿತ್ರದ ಜೊತೆಜೊತೆಗೇ ಕೇಳಿಸುವ ವ್ಯಾಖ್ಯಾನವನ್ನು, ಚಿತ್ರವನ್ನು ಒಮ್ಮೆ ಹಾಗೆಯೇ ನೋಡಿದ ಮೇಲೆ, ಖಂಡಿತ ಕೇಳಬೇಕು. ಅಮೆರಿಕದ ಪಶ್ಚಿಮ ಸೀಮೆಯ ಉಚ್ಚಾರ ಹಿಡಿತಕ್ಕೆ ಸಿಗದವರಿಗೆ ಇಂಗ್ಲಿಷ್ ಸಬ್‌ಟೈಟಲ್ ಇರುವುದು ದೊಡ್ಡ ಅನುಕೂಲ.

ಭಾರತದಲ್ಲಿ ಕೊಳ್ಳುವವರು ಒಂದು ವಿಷಯವನ್ನು ಗಮನದಲ್ಲಿಡಬೇಕು. ಅನೇಕ ಬ್ಲೂ-ರೇ ಡಿಸ್ಕ್‌ಗಳಿಗೆ ಪ್ರದೇಶವಾರು ಬೀಗವಿರುತ್ತದೆ. ಅಮೆರಿಕ ‘ಎ’ ವಲಯಕ್ಕೆ ಸೇರಿದರೆ ಭಾರತ ‘ಸಿ’ ವಲಯದಲ್ಲಿದೆ. ಆದ್ದರಿಂದ ಇಲ್ಲಿ ಕೊಂಡ ಸಾಮಾನ್ಯ ಪ್ಲೇಯರ್‌ನಲ್ಲಿ ಈ ಪೆಟ್ಟಿಗೆಯ ಬ್ಲೂ-ರೇಗಳು ಓಡದೆ ಹೋಗಬಹುದು. 4ಕೆ ಡಿಸ್ಕ್‌ಗಳಿಗೆ ಅಂತಹ ಬೀಗವಿಲ್ಲ, ಹೀಗಾಗಿ 4ಕೆ ಪ್ಲೇಯರ್ ಇದ್ದವರಿಗೆ ಐದೂ ಚಿತ್ರಗಳು ನಿಶ್ಚಿಂತೆಯಾಗಿ ಸಿಗುತ್ತವೆ, ಆದರೆ ಪೂರಕ ಸಾಮಗ್ರಿಯ ಬಹುಪಾಲು ಬ್ಲೂ-ರೇಗಳಲ್ಲೇ ಇರುವುದರಿಂದ ಅದನ್ನು ನೋಡಲು ವಲಯದ ಕಟ್ಟುಪಾಡಿಲ್ಲದ ಪ್ಲೇಯರ್ ಬೇಕು. ಬೆಲೆಯೂ ಕಡಿಮೆಯೇನಲ್ಲ, ಅಂಚೆ ವೆಚ್ಚ ಮತ್ತು ಆಮದು ಸುಂಕ ಸೇರಿದರೆ ಇನ್ನೂ ಏರುತ್ತದೆ. ಅಮೆರಿಕದ ಬಾರ್ನ್ಸ್ ಅಂಡ್ ನೋಬಲ್ ಮಳಿಗೆಗಳಲ್ಲಿ ಸಾಮಾನ್ಯವಾಗಿ ಜುಲೈ ಮತ್ತು ನವೆಂಬರ್ ಹೊತ್ತಿಗೆ ಕ್ರೈಟೀರಿಯನ್ ಡಿಸ್ಕ್‌ಗಳು ಅರ್ಧ ಬೆಲೆಗೆ ಸಿಗುತ್ತವೆ. ಆಗ ಅಲ್ಲಿಂದ ಊರಿಗೆ ಬರುವ ನೆಂಟರಿದ್ದರೆ ಅವರಿಗೆ ಹೇಳಿ ತರಿಸಿಕೊಳ್ಳುವುದು ಉತ್ತಮ.

ಪೆಟ್ಟಿಗೆಯ ದೊಡ್ಡ ಕೊರತೆಯೆಂದರೆ, ಬೆಟಿಕರ್ ಮತ್ತು ಸ್ಕಾಟ್ ಜೋಡಿಯ ಮೊದಲ ಚಿತ್ರವಾದ ‘ಸೆವೆನ್ ಮೆನ್ ಫ್ರಮ್ ನೌ’ (1956) ಇದರಲ್ಲಿ ಇಲ್ಲದಿರುವುದು. ಅದು ಕೊಲಂಬಿಯಾದ್ದಲ್ಲ, ನಟ ಜಾನ್ ವೇಯ್ನ್ ಅವರ ಬ್ಯಾಟ್‌ಜಾಕ್ ಸಂಸ್ಥೆಯ ತಯಾರಿಕೆ. ಆದರೆ ಕೆನಡಿ, ಬೆಟಿಕರ್ ಮತ್ತು ಸ್ಕಾಟ್ ಮೊದಲು ಒಂದುಗೂಡಿದ್ದು ಅಲ್ಲಿಯೇ. ನಗುನಗುತ್ತಾ ಚುಚ್ಚಿ ಮಾತನಾಡುವ ಖಳನ ಮಾದರಿಯೂ ನಟ ಲೀ ಮಾರ್ವಿನ್ ಅವರಿಂದ ಮೊದಲು ಮೂಡಿದ್ದು ಆ ಚಿತ್ರದಲ್ಲಿ. 2005ರಲ್ಲಿ ಪ್ಯಾರಾಮೌಂಟ್ ಅದನ್ನು ಡಿವಿಡಿಯಾಗಿ ತಂದಿತ್ತು. ಹಳೆಯ ಡಿಸ್ಕ್ ಮಾರುವವರ ಬಳಿ ಅದು ಕಣ್ಣಿಗೆ ಬಿದ್ದರೆ, ಅಮೆರಿಕದ ಡಿವಿಡಿ ಓಡಿಸುವ ಪ್ಲೇಯರ್ ಇದ್ದವರು ತಂದುಕೊಂಡು ಇವೆಲ್ಲಕ್ಕಿಂತ ಮೊದಲು ಅದನ್ನೇ ನೋಡಬೇಕು.