ಐಸ್‌ಕ್ರೀಮ್ ಡಬ್ಬಿ ತೊಳೆದಿಡುವ ಮುಂಚೆ ಇದನ್ನು ಓದಿ

ಏಪ್ರಿಲ್ ತಿಂಗಳ ಹುಬ್ಬಳ್ಳಿ ಬಿಸಿಲು ನಿಮಗೆ ಗೊತ್ತೇ ಇದೆ. ಅಣ್ಣನ ಮಗಳ ಹುಟ್ಟುಹಬ್ಬ ಅಂತ ದುರ್ಗದಬೈಲಿನಲ್ಲಿ ಸಂತೆ ಮುಗಿಸಿ ಬರುವಾಗ, ದಾರಿಯ ಒಂದು ಸಣ್ಣ ಅಂಗಡಿಯಲ್ಲಿ ಒಂದು ಲೀಟರ್ ಐಸ್‌ಕ್ರೀಮ್ ಡಬ್ಬಿ ತೆಗೆದುಕೊಂಡೆ. ಬಿಲ್ ಕೇಳಲಿಲ್ಲ.

ಮನೆಯಲ್ಲಿ ಮುಚ್ಚಳ ತೆಗೆದರೆ ಒಳಗೆಲ್ಲ ಗಾಜಿನ ಚೂರಿನ ಹಾಗೆ ಐಸು. ಐಸ್‌ಕ್ರೀಮ್ ಒಂದು ಕಡೆಗೆ ವಾಲಿ ಗಟ್ಟಿಯಾಗಿತ್ತು. ಮೇಲೆ ಎರಡು ಬೆರಳಿನಷ್ಟು ಜಾಗ ಖಾಲಿ. ಒಮ್ಮೆ ಪೂರ್ತಿ ಕರಗಿ ಮತ್ತೆ ಹೆಪ್ಪುಗಟ್ಟಿದ ಮಾಲು ಹೀಗೆಯೇ ಇರುತ್ತದೆ. ಆಗ ನನಗೆ ಅದು ಹೊಳೆಯಲಿಲ್ಲ. ಫ್ರೀಜರ್‌ನಲ್ಲಿ ಇದ್ದದ್ದು ಕೆಡಲ್ಲ ಅಂತಲೇ ತಿಳಿದಿದ್ದೆ.

ಸಂಜೆ 7ಕ್ಕೆ ತಿಂದೆವು. ರಾತ್ರಿ 10ಕ್ಕೆ ಮಗುವಿಗೆ ವಾಂತಿ ಶುರುವಾಯಿತು. ಆಮೇಲೆ ಅತ್ತಿಗೆಗೆ, ನನಗೆ. ಮಗು ನೀರು ಕುಡಿದರೂ ಕಾರುತ್ತಿತ್ತು, ತುಟಿ ಒಣಗಿಹೋಗಿತ್ತು. ಆ ರಾತ್ರಿ ಸಲೈನ್ ಬಾಟಲಿ ನೋಡುತ್ತಾ ಕೂತಿದ್ದನ್ನು ನಾನು ಮರೆಯುವುದಿಲ್ಲ. ಡಾಕ್ಟರ್ ಕೇಳಿದ್ದು ಒಂದೇ ಮಾತು: "ತಿಂದದ್ದರಲ್ಲಿ ಉಳಿದಿದೆಯಾ?"

ಉಳಿದಿರಲಿಲ್ಲ. ಅವ್ವ ಉಳಿದಿದ್ದನ್ನು ಚೆಲ್ಲಿ, ಡಬ್ಬಿಯನ್ನು ಬಿಸಿನೀರಿನಲ್ಲಿ ತಿಕ್ಕಿ, ಮೆಂತೆ ತುಂಬಿಟ್ಟಿದ್ದಳು. ಲೇಬಲ್ ಕೂಡ ಹೋಗಿತ್ತು. ಎಲ್ಲರ ಮನೆಯಲ್ಲೂ ಮಾಡುವುದೇ ಅದು, ಅಲ್ವಾ?

ಚೇತರಿಸಿಕೊಂಡ ಮೇಲೆ ಅಂಗಡಿಗೆ ಹೋಗಿ ಕೇಳಿದೆ. "ರಾತ್ರಿ ಕರೆಂಟ್ ಹೋಗಿತ್ರಿ, ಅದಕ್ಕೇನ್ ಆಗೂದಿಲ್ರಿ" ಅಂದರು. ಆಗುತ್ತದೆ. ಐಸ್‌ಕ್ರೀಮ್ ಮೈನಸ್ 18 ಡಿಗ್ರಿಯಲ್ಲಿ ಇರಬೇಕು. ಆ ಚಳಿಗೆ ರೋಗಾಣುಗಳು ಸಾಯುವುದಿಲ್ಲ, ಸುಮ್ನೆ ಬೆಳೆಯದೆ ಕೂರುತ್ತವೆ. ಕರಗಿದ ಕೂಡಲೇ ಹಾಲು, ಸಕ್ಕರೆ, ಬೆಚ್ಚಗಿನ ಜಾಗ ಎಲ್ಲವೂ ಸಿಗುತ್ತದೆ. ಕೆಲವು ಜಾತಿಯವು ವಿಷ ಬಿಡುತ್ತವೆ. ಸ್ಟ್ಯಾಫಿಲೊಕಾಕಸ್ ಅನ್ನುವ ರೋಗಾಣು ಬಿಟ್ಟ ವಿಷ ಮತ್ತೆ ಗಟ್ಟಿ ಮಾಡಿದರೂ ಹೋಗಲ್ಲ, ಕುದಿಸಿದರೂ ಹೋಗಲ್ಲ.

ದೂರು ಕೊಡಲು ನಾನು ಮೊದಲು ಹೋಗಿದ್ದು ಪಾಲಿಕೆಗೆ. ಆಹಾರದ ವಿಷಯ ನೋಡುವವರು ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗಳು ಅಂತ ಅಲ್ಲಿ ತಿಳಿಯಿತು. 2006ರ ಆಹಾರ ಸುರಕ್ಷತಾ ಕಾಯ್ದೆಯಡಿ ಮಾದರಿ ತೆಗೆದು ಪರೀಕ್ಷೆಗೆ ಕಳಿಸುವ ಅಧಿಕಾರ ಅವರದ್ದು. ಸಾಮಾನ್ಯವಾಗಿ 14 ದಿನದಲ್ಲಿ ವರದಿ ಬರಬೇಕು. ನಾವೇ ಶುಲ್ಕ ಕಟ್ಟಿ ಪರೀಕ್ಷೆ ಮಾಡಿಸಲೂಬಹುದು. ಆದರೆ ಕೊಳ್ಳುವಾಗಲೇ ಅಂಗಡಿಯವರಿಗೆ ಹಾಗಂತ ಹೇಳಿರಬೇಕು. ಅಧಿಕಾರಿ ನನ್ನ ಮಾತು ತಾಳ್ಮೆಯಿಂದ ಕೇಳಿ, ಕೊನೆಗೆ ಬ್ಯಾಚ್ ನಂಬರ್ ಕೇಳಿದರು. ನನ್ನ ಹತ್ತಿರ ಇದ್ದದ್ದು ಮೆಂತೆ ಡಬ್ಬಿ ಮಾತ್ರ.

ಆದ್ದರಿಂದ ದಯವಿಟ್ಟು ಒಂದು ಮಾಡಿ. ಐಸ್‌ಕ್ರೀಮ್, ಕುಲ್ಫಿ, ಹಾಲು ಏನೇ ತಿಂದು ಕುಡಿದು ಹೊಟ್ಟೆ ಕೆಟ್ಟರೆ, ಉಳಿದದ್ದನ್ನು ಅದೇ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿ, ಬೇರೆ ಕವರ್‌ನಲ್ಲಿ ಕಟ್ಟಿ ಫ್ರಿಜ್ಜಿನಲ್ಲಿಡಿ. ಮಕ್ಕಳ ಕೈಗೆ ಸಿಗದಿರಲಿ. ಬ್ಯಾಚ್ ನಂಬರ್, ತಾರೀಖು, ಡಬ್ಬಿಯ ಮೇಲಿನ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಲೈಸೆನ್ಸ್ ನಂಬರ್ ಫೋಟೋ ತೆಗೆಯಿರಿ. ಬಿಲ್ ಕೇಳಿ ಪಡೆಯಿರಿ. ಡಾಕ್ಟರ್ ಚೀಟಿಯಲ್ಲಿ ಏನು ತಿಂದಿರಿ, ಎಷ್ಟು ಗಂಟೆಗೆ ಅನ್ನುವುದನ್ನು ಬರೆಸಿ. ಎಫ್‌ಎಸ್‌ಎಸ್‌ಎಐ ಸಹಾಯವಾಣಿ 1800-112-100.

ತಡ ಮಾತ್ರ ಮಾಡಬೇಡಿ. ನಾವು ದೂರು ಕೊಟ್ಟಿದ್ದು ನಾಲ್ಕನೇ ದಿನ. ಅಷ್ಟರಲ್ಲಿ ಆ ಅಂಗಡಿಯ ಫ್ರೀಜರ್ ಖಾಲಿಯಾಗಿ, ತೊಳೆದು, ಹೊಸ ಮಾಲು ತುಂಬಿಕೊಂಡಿತ್ತು.