ಹೊನ್ನೆ ಮರದ ಲೋಟ: ಲೋಟ ಅಸಲಿ, ಚೀಟಿ ಸುಳ್ಳು

ರಾತ್ರಿ ನೀರು ತುಂಬಿಟ್ಟು ಬೆಳಗ್ಗೆ ಕುಡಿದರೆ ಶುಗರ್ ಇಳಿಯುತ್ತದೆ ಅನ್ನುತ್ತಾರಲ್ಲ, ಆ ಹೊನ್ನೆ ಮರದ ಲೋಟದ ಮಾತು ಶುಗರ್ ಇರುವವರ ಮನೆಯಲ್ಲಿ ಒಮ್ಮೆಯಾದರೂ ಬಂದೇ ಬರುತ್ತದೆ. ನಮ್ಮನೆಗೂ ಬಂತು, ಅಪ್ಪನ ಹೆಸರಲ್ಲಿ. ಮಲೆನಾಡಿನ ರಸ್ತೆ ಬದಿ ಅಂಗಡಿಯಲ್ಲಿ 350 ರೂಪಾಯಿ.

ಮರ ಹೊನ್ನೆಯೇ, ಅದರಲ್ಲಿ ಅನುಮಾನ ಇಲ್ಲ. ರಾತ್ರಿ ನೀರು ತುಂಬಿಟ್ಟರೆ ಬೆಳಗ್ಗೆ ತಿಳಿ ಡಿಕಾಕ್ಷನ್ ಬಣ್ಣ. ಅದನ್ನು ಗಾಜಿನ ಲೋಟಕ್ಕೆ ಬಗ್ಗಿಸಿ ಬಿಸಿಲಿಗೆ ಹಿಡಿದು ಓರೆಯಾಗಿ ನೋಡಿ, ಅಂಚಿನಲ್ಲಿ ನೀಲಿ ಹೊಳೆಯುತ್ತದೆ. ಬೇರೆ ಮರಕ್ಕೆ ಬಣ್ಣ ಬಳಿದು ಮಾರಿದ್ದರೆ ನೀರು ಕಂದಾಗಬಹುದು, ಈ ನೀಲಿ ಬರೋದು ಕಷ್ಟ. ರುಚಿ ಮಾತ್ರ ಒಗರೋ ಒಗರು. ಅಪ್ಪ ಮುಖ ಹಿಂಡಿಕೊಂಡೇ ಕುಡಿಯುತ್ತಾರೆ.

ಸಿಟ್ಟು ಬಂದಿದ್ದು ಜೊತೆಗೆ ಕೊಟ್ಟ ಚೀಟಿ ನೋಡಿ. ಇದನ್ನು ಕುಡಿದರೆ ಮಾತ್ರೆ ನಿಲ್ಲಿಸಬಹುದಂತೆ! ಹೊನ್ನೆಗೆ ಗುಣ ಇಲ್ಲ ಅಂತಲ್ಲ, ಆಯುರ್ವೇದದ ವಿಜಯಸಾರ ಇದೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 1998ರ ಅಧ್ಯಯನದಲ್ಲಿ, ಹೊಸದಾಗಿ ಸಕ್ಕರೆ ಕಾಯಿಲೆ ಗೊತ್ತಾದ 97 ಜನರಲ್ಲಿ 67 ಮಂದಿಗೆ 12 ವಾರದೊಳಗೆ ಹತೋಟಿಗೆ ಬಂದಿತ್ತು. ಆದರೆ ಅಲ್ಲಿ ಕೊಟ್ಟಿದ್ದು ದಿನಕ್ಕೆ ಇಷ್ಟು ಗ್ರಾಂ ಅಂತ ಅಳೆದ ಸಾರ, ಡಾಕ್ಟರು ನೋಡಿಕೊಳ್ಳುತ್ತಿದ್ದರು. ಲೋಟದ ನೀರಿಗೆ ಎಷ್ಟು ಇಳಿದಿದೆ ಅಂತ ಯಾರು ಅಳೆದಿದ್ದಾರೆ? ಮಾತ್ರೆ ಬಿಡಬೇಡಿ. ಮಾತ್ರೆ ಜೊತೆ ಇದನ್ನೂ ಕುಡಿಯುತ್ತಿದ್ದರೆ ಡಾಕ್ಟರಿಗೆ ಹೇಳಿ, ಶುಗರ್ ತೀರಾ ಕೆಳಗೆ ಇಳಿದರೂ ಅಪಾಯವೇ ಅಲ್ವಾ.

ಆ ಚೀಟಿಯಲ್ಲಿ ಸುಮ್ನೆ ಮರದ ಬಗ್ಗೆ ಬರೆದಿದ್ದರೂ ಸಾಕಿತ್ತು. ಹೊನ್ನೆಯ ತೊಗಟೆಗೆ ಕಚ್ಚು ಹಾಕಿದರೆ ಕೆಂಪು ರಸ ಒಸರುತ್ತದೆ, ಒಣಗಿದರೆ ಕಪ್ಪಗೆ ಗಟ್ಟಿಯಾಗುತ್ತದೆ. ಭೇದಿಗೆ ಹಿಂದೆ ಅದನ್ನೇ ಕೊಡುತ್ತಿದ್ದರು, ಕೂಸಿನ ಹಣೆಯ ದೃಷ್ಟಿ ಬೊಟ್ಟಿಗೂ ಅದೇ ಆಗುತ್ತಿತ್ತು. ಹಳೇ ಮನೆಗಳ ಬಾಗಿಲು, ತೊಲೆ, ಎತ್ತಿನ ಗಾಡಿ ಎಲ್ಲಕ್ಕೂ ಹೊನ್ನೆ ಬೇಕಿತ್ತು, ಅಷ್ಟು ಗಟ್ಟಿ.

ಬಾಳಿಕೆ ಬಗ್ಗೆ ಹೇಳೋದಾದರೆ, ದಿನಾ ಬಳಸಿದರೆ ಕೆಲವು ವಾರಕ್ಕೆ ಬಣ್ಣ ತೆಳುವಾಗುತ್ತದೆ. ನಮ್ಮದು ಬಾಯಿ ಹತ್ತಿರ ಕೂದಲೆಳೆಯಷ್ಟು ಸೀಳಿದೆ, ಸೋರುತ್ತಿಲ್ಲ. ಸೋಪು ಹಾಕಬೇಡಿ, ಮರ ಹೀರಿಕೊಳ್ಳುತ್ತದೆ. ತೊಳೆದು ಬೋರಲು ಹಾಕಿ, ಮಳೆಗಾಲದಲ್ಲಿ ಹಾಗೇ ಬಿಟ್ಟರೆ ತಳದಲ್ಲಿ ಬೂಷ್ಟು. ಕೊಳ್ಳುವಾಗ ಒಳಗೆ ಬೆರಳಾಡಿಸಿ ನೋಡಿ, ನುಣ್ಣಗೆ ಜಾರಿದರೆ ವಾರ್ನಿಷ್ ಹೊಡೆದಿರಬಹುದು. ಅಂಥದ್ದು ಬೇಡ, ಒರಟಾಗಿರೋದನ್ನೇ ಕೇಳಿ ತಗೊಳ್ಳಿ.